ಕಂಪ್ಲಿ ಸೇತುವೆಗೇ ಮುಗಿಯುವ ಅಭಯ

ಬೇಸಿಗೆಯಲ್ಲಿ ಮಂತ್ರಾಲಯದ ಸ್ನಾನಘಟ್ಟದ ಮೆಟ್ಟಿಲಿಳಿದವರಿಗೆ ತುಂಗಭದ್ರೆ ಒಂದೇ ಹೊಳೆಯಾಗಿ ಕಾಣುವುದಿಲ್ಲ. ಅಲ್ಲೊಂದು ಮಡು, ಇಲ್ಲೊಂದು ಸೀಳು, ನಡುವೆ ಬಂಡೆ, ಉಸುಕು, ಜಾಲಿಗಿಡ. ಆಚೆ ದಂಡೆ ರಾಯಚೂರು ಜಿಲ್ಲೆ, ಈಚೆ ದಂಡೆ ಕರ್ನೂಲು ಜಿಲ್ಲೆ. ಎರಡೂ ದಂಡೆಯವರಿಗೆ ಹೊಳೆಯೆಂದರೆ ಭತ್ತಕ್ಕೆ ನೀರು, ಮನೆ ಕಟ್ಟಲು ಉಸುಕು, ಬೆಸ್ತರಿಗೆ ಮೀನು, ಗುರುವಾರ ಬಂತೆಂದರೆ ರಾಯರ ಭಕ್ತರಿಂದ ನಾಲ್ಕು ಕಾಸಿನ ವ್ಯಾಪಾರ. ಈ ಲೆಕ್ಕದ ಪುಸ್ತಕದಲ್ಲಿ ಆಮೆ, ನೀರುನಾಯಿ ಎಂಬ ಬಾಬತ್ತೇ ಇಲ್ಲ.

ಇದೇ ಹೊಳೆಯ ಮೇಲ್ಭಾಗದಲ್ಲಿ ಮಾತ್ರ ಆ ಬಾಬತ್ತಿಗೆ ಸರ್ಕಾರದ ಮೊಹರು ಬಿದ್ದಿದೆ. ತುಂಗಭದ್ರಾ ಅಣೆಕಟ್ಟೆಯ ಕೆಳಗಿನ ಮುದ್ಲಾಪುರದಿಂದ ಹಂಪಿ, ಆನೆಗೊಂದಿ ಹಾಯ್ದು ಕಂಪ್ಲಿ ಸೇತುವೆಯವರೆಗಿನ 34 ಕಿ.ಮೀ. ಹೊಳೆಯನ್ನು ಕರ್ನಾಟಕ ಸರ್ಕಾರ 2015ರಲ್ಲಿ ‘ತುಂಗಭದ್ರಾ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ’ ಎಂದು ಘೋಷಿಸಿತು. ನೀರುನಾಯಿಗೆಂದೇ ಇಂಥ ಮೀಸಲು ಪ್ರದೇಶ ದೇಶದಲ್ಲಿ ಇದೇ ಮೊದಲು. ಹೊಸಪೇಟೆಯ ಸಮದ್ ಕೊಟ್ಟೂರು ಮೊದಲಾದ ವನ್ಯಜೀವಿ ಆಸಕ್ತರು ವರ್ಷಗಟ್ಟಲೆ ಬೆನ್ನುಹತ್ತಿದ್ದರ ಫಲ ಅದು. ಆದರೆ ಕಂಪ್ಲಿ ಸೇತುವೆ ದಾಟಿದ ನೀರಿಗೆ ಆ ರಕ್ಷೆ ಇಲ್ಲ. ಅಲ್ಲಿಂದ ಸಿರುಗುಪ್ಪ, ಆಮೇಲೆ ಗಡಿ ಹಿಡಿದು ಕೌತಾಳಂ, ಕೋಸಿಗಿ, ಮಂತ್ರಾಲಯಂ, ನಂದವರಂ ಮಂಡಲಗಳ ಪಕ್ಕಕ್ಕೆ ಹರಿಯುವ ನೂರು ಕಿ.ಮೀ.ಗೂ ಮಿಕ್ಕ ಹೊಳೆಯಲ್ಲಿ ಅದೇ ಜೀವಗಳು ಅವುಗಳ ಪಾಡಿಗೆ ಬಿಟ್ಟಂತಿವೆ.

ನೀಟಿಕುಕ್ಕನೂ ಅದೇ, ನೀರುನಾಯಿಯೂ ಅದೇ

ಈ ಸೀಮೆಯಲ್ಲಿ ಒಂದು ಪ್ರಾಣಿಗೆ ಎರಡು ಹೆಸರು ಸಾಮಾನ್ಯ. ಕನ್ನಡದ ನೀರುನಾಯಿ ತೆಲುಗಿನಲ್ಲಿ ನೀಟಿಕುಕ್ಕ. ಆಮೆ ಅಲ್ಲಿ ತಾಬೇಲು. ಉಸುಕು ಅಲ್ಲಿ ಇಸುಕ. ಹೆಸರಿಗೆ ನಾಯಿಯಾದರೂ ಇದು ನಾಯಿ ಜಾತಿಯದಲ್ಲ, ಮುಂಗುಸಿಯಂತೆ ಉದ್ದ ಮೈಯ, ಕಾಲ್ಬೆರಳ ನಡುವೆ ತೊಗಲಿರುವ ಪ್ರಾಣಿ. ನಮ್ಮ ಹೊಳೆಯದು ನುಣುಪು ತುಪ್ಪಳದ ಜಾತಿ. ಏಳರಿಂದ ಹನ್ನೊಂದು ಕಿಲೋ ತೂಗುತ್ತದೆ. ಗಂಡು, ಹೆಣ್ಣು, ಮರಿಗಳು ಸೇರಿ ಕುಟುಂಬವಾಗಿ ಬಾಳುತ್ತದೆ, ಬೇಟೆಯೂ ಗುಂಪಿನಲ್ಲೇ. ಮೀನನ್ನು ಮೂಲೆಗೆ ಅಟ್ಟಿ ಹಿಡಿಯುವುದನ್ನು ನೋಡಿದರೆ ಬಲೆ ಬೀಸುವ ಬೆಸ್ತರೂ ತಲೆದೂಗಬೇಕು. ಬಂಗ್ಲಾದೇಶದ ನಡಾಯಿಲ್ ಕಡೆ ಬೆಸ್ತರು ತಲೆಮಾರುಗಳಿಂದ ಇದನ್ನು ಸಾಕಿ, ಹಗ್ಗ ಕಟ್ಟಿ, ಬಲೆಯತ್ತ ಮೀನು ಅಟ್ಟಿಸುತ್ತಾ ಬಂದಿದ್ದಾರೆ.

ನಮ್ಮಲ್ಲಿ ಸಂಬಂಧ ಅಷ್ಟು ಸವಿಯಾಗಿಲ್ಲ. ಮೀನು ಮುಖ್ಯ ಆಹಾರ. ಏಡಿ, ಕಪ್ಪೆಯನ್ನೂ ಬಿಡುವುದಿಲ್ಲ. ದಿನಕ್ಕೆ ಕಿಲೋದಷ್ಟು ಬೇಕು. ರಾತ್ರಿ ಬಿಟ್ಟ ಬಲೆಯೊಳಗೆ ಸಿಕ್ಕ ಮೀನು ಅದಕ್ಕೆ ಸಿದ್ಧ ಊಟ. ಮೀನು ತಿಂದು ಸುಮ್ಮನಾದರೆ ಹೋಗಲಿ, ಬಲೆಯನ್ನೂ ಹರಿದುಹಾಕುತ್ತದೆ. ‘ನಮ್ಮ ಮೀನ ತಿಂತೈತಿ, ನಮ್ಮ ಬಲಿ ಹರಿತೈತಿ, ಅದನ್ನ್ಯಾಕ ಉಳಿಸಬೇಕ್ರಿ?’ ಎಂಬ ಮಾತು ಹೊಳೆದಂಡೆಯ ಊರುಗಳಲ್ಲಿ ಹೊಸದೇನಲ್ಲ. ಆ ಸಿಟ್ಟನ್ನು ತಿಳಿಯದವರ ಮಾತೆಂದು ತಳ್ಳಿಹಾಕುವುದು ತಪ್ಪಾದೀತು. ಹರಿಗೋಲಿನಲ್ಲಿ ರಾತ್ರಿಯೆಲ್ಲ ಕೂತು ಹೊಟ್ಟೆ ಹೊರೆಯುವವನಿಗೆ ಹರಿದ ಬಲೆ ಸಣ್ಣ ನಷ್ಟವಲ್ಲ. ಇದರ ಪರಿಹಾರದ ಮಾತು ಎತ್ತದೆ ರಕ್ಷಣೆಯ ಮಾತಾಡಿದರೆ ದಂಡೆಯಲ್ಲಿ ಕೇಳುವವರು ಸಿಗುವುದಿಲ್ಲ.

ಆದರೂ ಇನ್ನೊಂದು ಲೆಕ್ಕವೂ ಇದೆ. ನೀರುನಾಯಿ ಇರುವ ಮಡುವಿನಲ್ಲಿ ಮೀನು ಇದೆ ಎಂದೇ ಅರ್ಥ. ಮೀನು ತೀರಿದ ನೀರಿನಲ್ಲಿ ಅದು ನಿಲ್ಲುವುದಿಲ್ಲ. ಮೀನನ್ನು ನಿಜಕ್ಕೂ ತೀರಿಸುತ್ತಿರುವುದು ಸಿಡಿಮದ್ದು ಎಸೆಯುವವರು, ವಿಷ ಹಾಕುವವರು, ಕರೆಂಟು ಬಿಡುವವರು, ಸೊಳ್ಳೆಪರದೆಯಂಥ ಸಣ್ಣ ಕಣ್ಣಿನ ಬಲೆ ಎಳೆಯುವವರು. ಒಂದು ತೋಟೆ ಸಿಡಿದರೆ ಮಾರಾಟಕ್ಕಾಗುವ ಮೀನಿನ ಜತೆ ಮರಿ, ಮೊಟ್ಟೆ ಎಲ್ಲ ಸಾಯುತ್ತವೆ. ಅರ್ಧ ತಳದಲ್ಲೇ ಕೊಳೆಯುತ್ತದೆ. ಮರುವರ್ಷ ಬಲೆ ಬೀಸುವ ಬೆಸ್ತನಿಗೂ ನೀರುನಾಯಿಗೂ ಬರುವ ಕಷ್ಟ ಒಂದೇ.

ನೀರುನಾಯಿಗೆ ಹೊರಗಿನ ಶತ್ರು ಅದರ ತುಪ್ಪಳ. ಉತ್ತರ ಭಾರತದಿಂದ ಹಿಮಾಲಯದ ಆಚೆಗೆ ಇದರ ಚರ್ಮದ ಕಳ್ಳಸಾಗಣೆ ಬಹುಕಾಲ ನಡೆಯಿತು. 2019ರಲ್ಲಿ ಜಿನೀವಾದಲ್ಲಿ ನಡೆದ ವನ್ಯಜೀವಿ ವ್ಯಾಪಾರ ನಿಯಂತ್ರಣದ ಅಂತರರಾಷ್ಟ್ರೀಯ ಸಭೆಯಲ್ಲಿ ಈ ಜಾತಿಯನ್ನು ಮೊದಲನೆ ಪಟ್ಟಿಗೆ ಏರಿಸಿ ವ್ಯಾಪಾರವನ್ನೇ ನಿಷೇಧಿಸಲಾಯಿತು.

ಆಮೆ ಹೊಕ್ಕ ಮನೆ

ಆಮೆ ಹೊಕ್ಕ ಮನೆ, ಅಮೀನ ಹೊಕ್ಕ ಮನೆ ಎಂಬ ಗಾದೆ ಇಲ್ಲಿಯ ಎರಡೂ ಭಾಷೆಗಳಲ್ಲಿ ಓಡಾಡುತ್ತದೆ. ಕೂರ್ಮಾವತಾರಕ್ಕೆ ಕೈಮುಗಿಯುವ ಕೈಯೇ ಬಾಗಿಲಿಗೆ ಬಂದ ಆಮೆಯನ್ನು ಅಪಶಕುನವೆಂದು ಆಚೆ ಎಸೆಯುತ್ತದೆ. ಈಗಿನ ಸ್ಥಿತಿಯಲ್ಲಿ ಆಮೆಗೇ ಮನೆಯಿಲ್ಲ.

ನಮ್ಮ ಸೀಮೆಯ ಗದ್ದೆ, ಕೆರೆ, ಕಾಲುವೆಗಳಲ್ಲಿ ಸಿಗುವುದು ಸಣ್ಣ ಆಮೆ. ಹಿಂಗಾಲು ಒಳಗೆಳೆದುಕೊಂಡು ಹೊಟ್ಟೆಯ ಕಡೆಯ ತೊಗಲಿನ ಮುಚ್ಚಳ ಹಾಕಿಕೊಳ್ಳುವಂಥದು. ಭತ್ತದ ಗದ್ದೆ ಒಣಗಿದಾಗ ಕೆಸರಿನಲ್ಲಿ ಹೂತುಕೊಂಡು ಮಳೆಗೆ ಕಾಯುತ್ತದೆ. ಇನ್ನೊಂದು, ದೊಡ್ಡ ಹೊಳೆಗೆ ಸೇರಿದ ಮೆತ್ತನೆ ಚಿಪ್ಪಿನ ಆಮೆ. ಮುಂಬಯಿಯಲ್ಲಿದ್ದ ಲೀತ್ ಎಂಬ ವೈದ್ಯನ ಹೆಸರಿನಲ್ಲಿ ವಿಜ್ಞಾನಿಗಳು ಇದನ್ನು ‘ಲೀತ್ ಆಮೆ’ ಎನ್ನುತ್ತಾರೆ. 1872ರಲ್ಲಿ ಮೊದಲು ವರ್ಣಿಸಿದರು. ಚಿಪ್ಪು ಎರಡಡಿಗೂ ಬೆಳೆಯಬಲ್ಲದು. ಮರಿಯ ಬೆನ್ನ ಮೇಲೆ ಕಣ್ಣಿನಂಥ ಚುಕ್ಕೆಗಳಿರುತ್ತವೆ, ಬೆಳೆದಂತೆ ಮಾಸುತ್ತವೆ. ಜಗತ್ತಿನಲ್ಲಿ ಇದು ಇರುವುದು ದಕ್ಷಿಣ ಪ್ರಸ್ಥಭೂಮಿಯ ಹೊಳೆಗಳಲ್ಲಿ ಮಾತ್ರ. ಗಂಗೆಯಲ್ಲಿ ಇದರ ದಾಯಾದಿಗಳಿವೆ, ಇದಿಲ್ಲ. ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಇದು ಈಗ ‘ಅಳಿವಿನಂಚಿನ’ ಕೊನೆಯ ಮೆಟ್ಟಿಲಲ್ಲಿದೆ. 2022ರಲ್ಲಿ ಪನಾಮಾದಲ್ಲಿ ಸೇರಿದ ಸಭೆಯಲ್ಲಿ ಭಾರತದ ಬೇಡಿಕೆಯಂತೆ ಇದರ ವ್ಯಾಪಾರಕ್ಕೂ ಮೊದಲನೆ ಪಟ್ಟಿಯ ನಿಷೇಧ ಬಂತು.

ಮೀನು, ಏಡಿ, ಬಸವನಹುಳುವಿನ ಜತೆ ಇದು ನೀರಿನಲ್ಲಿ ಕೊಳೆತದ್ದನ್ನೂ ತಿಂದು ಹಾಕುತ್ತದೆ. ಸತ್ತ ದನಕರು ತೇಲಿಬಂದರೆ ಹೊಳೆಯ ಜಾಡಮಾಲಿ ಇದೇ. ಕುಡಿಯುವ ನೀರಿಗೆ ಜಾಕ್‌ವೆಲ್ ಕಟ್ಟಿರುವ ಊರುಗಳು ನೆನಪಿಡಬೇಕಾದ ಸಂಗತಿ ಇದು.

ಕಾನೂನಿನ ಮಾತೂ ಹೇಳಿಬಿಡುವುದು ಒಳ್ಳೆಯದು. ಗದ್ದೆಯ ಆ ಸಣ್ಣ ಆಮೆಯೂ ವನ್ಯಜೀವಿ ಕಾಯ್ದೆಯ ಮೊದಲನೆ ಅನುಸೂಚಿಯಲ್ಲಿದೆ. ಹುಲಿಗಿರುವ ರಕ್ಷಣೆಯೇ ಅದಕ್ಕೂ. ಹಿಡಿದು ಕೊಂದರೆ, ಮಾರಿದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. 2022ರ ತಿದ್ದುಪಡಿಯ ನಂತರ ದಂಡ ಕನಿಷ್ಠ 25 ಸಾವಿರ ರೂಪಾಯಿ. ಸಂತೆಯಲ್ಲಿ ನೂರಿನ್ನೂರಕ್ಕೆ ಆಸೆಪಟ್ಟು ಕೈಹಾಕುವ ಹುಡುಗರಿಗೆ ಈ ಲೆಕ್ಕ ಗೊತ್ತಿರುವುದು ಕಡಿಮೆ.

ಮೋಟ್ರು ಕಿತ್ತಾಕ್ತಾರೇನ್ರಿ?

ಅಭಯಾರಣ್ಯ ಎಂಬ ಶಬ್ದ ಕಿವಿಗೆ ಬಿದ್ದ ಕೂಡಲೆ ರೈತನಿಗೆ ಬರುವ ಪ್ರಶ್ನೆ ಇದು. ಹೊಳೆಯ ಪಂಪ್‌ಸೆಟ್ಟು, ದಂಡೆಯ ಪಟ್ಟಾ ಜಮೀನು, ದನ ನೀರಿಗಿಳಿಸುವ ದಾರಿ, ಬಟ್ಟೆ ಒಗೆಯುವ ಬಂಡೆ ಎಲ್ಲಕ್ಕೂ ಬೇಲಿ ಬೀಳುತ್ತದೆ ಎಂಬ ಭಯ. ಅದು ಪೂರ್ತಿ ಹುಸಿ ಭಯವೇನೂ ಅಲ್ಲ. ಅಭಯಾರಣ್ಯ ಘೋಷಿಸುವಾಗ ಜನರ ಹಕ್ಕುಗಳ ವಿಚಾರಣೆ, ಇತ್ಯರ್ಥ ಆಗಬೇಕು; ಒಳಗೆ ಹೋಗಿಬರಲೂ ನಿರ್ಬಂಧಗಳಿರುತ್ತವೆ.

ಆದರೆ ಹಂಪಿ-ಕಂಪ್ಲಿ ನಡುವಿನದು ಅಭಯಾರಣ್ಯವಲ್ಲ, ‘ಸಂರಕ್ಷಣಾ ಮೀಸಲು ಪ್ರದೇಶ’. ಎರಡಕ್ಕೂ ಇರುವ ವ್ಯತ್ಯಾಸ ದೊಡ್ಡದು. ಕಾಯ್ದೆಗೆ 2002ರಲ್ಲಿ ಸೇರಿಸಿದ 36ಎ ಕಲಮಿನ ಪ್ರಕಾರ ಸರ್ಕಾರದ ಒಡೆತನದ ಜಾಗವನ್ನು ಮಾತ್ರ, ಅದೂ ಸ್ಥಳೀಯ ಜನರೊಡನೆ ಸಮಾಲೋಚಿಸಿ, ಹೀಗೆ ಘೋಷಿಸಬಹುದು. ಹೊಳೆಯ ಪಾತ್ರ ಸರ್ಕಾರದ್ದು. ಪಕ್ಕದ ಪಟ್ಟಾ ಜಮೀನು ಇದರೊಳಗೆ ಬರುವುದಿಲ್ಲ. ಬೇಟೆ ಇಲ್ಲ, ಬೆಂಕಿ ಹಚ್ಚುವಂತಿಲ್ಲ, ಸ್ಫೋಟಕ, ರಾಸಾಯನಿಕದಂಥ ಹಾನಿಕಾರಕ ವಸ್ತು ಬಳಸುವಂತಿಲ್ಲ — ಮುಖ್ಯ ನಿರ್ಬಂಧಗಳು ಇಷ್ಟೆ. ನಿರ್ವಹಣೆಗೆ ಸಮಿತಿ ಇರಬೇಕು. ಅದರಲ್ಲಿ ಅರಣ್ಯ ಇಲಾಖೆಯ ಜತೆಗೆ ಆ ವ್ಯಾಪ್ತಿಯ ಪ್ರತಿ ಗ್ರಾಮ ಪಂಚಾಯಿತಿಯಿಂದ ಒಬ್ಬರು, ಸ್ವಯಂಸೇವಾ ಸಂಸ್ಥೆಗಳಿಂದ ಮೂವರು, ಕೃಷಿ ಮತ್ತು ಪಶುಸಂಗೋಪನಾ ಇಲಾಖೆಗಳಿಂದ ತಲಾ ಒಬ್ಬರು ಕೂರಬೇಕೆಂದು ಕಾಯ್ದೆಯೇ ಹೇಳುತ್ತದೆ. ಬೆಸ್ತರ ಪ್ರತಿನಿಧಿ ಎಂಬ ಮಾತು ಮಾತ್ರ ಅಲ್ಲಿಲ್ಲ. ಹೊಳೆಗೇ ಸಂಬಂಧಿಸಿದ ಸಮಿತಿಯಲ್ಲಿ ಹೊಳೆಯಲ್ಲೇ ಬದುಕುವವರಿಗೆ ಹೆಸರಿಟ್ಟ ಕುರ್ಚಿ ಇಲ್ಲದಿರುವುದು ಈ ಕಲಮಿನ ಕೊರತೆ ಎಂದೇ ನಮ್ಮ ಅಭಿಪ್ರಾಯ. ಪಂಚಾಯಿತಿಗಳು ಮನಸ್ಸು ಮಾಡಿದರೆ ತಮ್ಮ ಪ್ರತಿನಿಧಿಯಾಗಿ ಒಬ್ಬ ಅಂಬಿಗನನ್ನೇ ಕಳಿಸಲು ಅಡ್ಡಿಯೇನಿಲ್ಲ.

ಡಾಲ್ಫಿನ್ ಇರುವ ಗಡಿಹೊಳೆ

ತುಂಗಭದ್ರೆಯಲ್ಲಿ ಡಾಲ್ಫಿನ್ ಇಲ್ಲ. ಅದು ಗಂಗೆ, ಬ್ರಹ್ಮಪುತ್ರದ ಪ್ರಾಣಿ. 2009ರಲ್ಲಿ ಕೇಂದ್ರ ಸರ್ಕಾರ ಅದನ್ನು ರಾಷ್ಟ್ರೀಯ ಜಲಚರವೆಂದು ಸಾರಿತು. ಕಣ್ಣು ಇದ್ದೂ ಇಲ್ಲದಂತೆ. ತಾನು ಹೊರಡಿಸಿದ ಶಬ್ದದ ಮಾರ್ದನಿ ಹಿಡಿದೇ ಕೆಸರುನೀರಿನಲ್ಲಿ ದಾರಿ, ಮೀನು ಎಲ್ಲ ಕಂಡುಕೊಳ್ಳುತ್ತದೆ. ಉಸಿರಿಗೆ ಆಗಾಗ ಮೇಲೆ ಬರಲೇಬೇಕು. ಬಲೆಯಲ್ಲಿ ಸಿಕ್ಕಿ ತಡವಾದರೆ ಸಾವು. ಎಂಟು ರಾಜ್ಯಗಳ ಹೊಳೆಗಳಲ್ಲಿ ನಡೆಸಿದ ಮೊದಲ ಪೂರ್ಣ ಗಣತಿಯ ವರದಿ 2025ರ ಮಾರ್ಚಿನಲ್ಲಿ ಹೊರಬಂತು. ಒಟ್ಟು 6,327. ಅದರಲ್ಲಿ ಉತ್ತರ ಪ್ರದೇಶದ್ದು 2,397, ಬಿಹಾರದ್ದು 2,220. ಬಿಹಾರದ ಭಾಗಲ್ಪುರ ಬಳಿ ಸುಲ್ತಾನ್‌ಗಂಜ್‌ನಿಂದ ಕಹಲ್‌ಗಾಂವ್‌ವರೆಗಿನ ಗಂಗೆ 1991ರಿಂದ ಡಾಲ್ಫಿನ್ ಅಭಯಾರಣ್ಯವಾಗಿದೆ.

ನಮಗೆ ಪಾಠವಾಗುವುದು ಚಂಬಲ್ ಹೊಳೆ. ಅದೂ ನಮ್ಮ ತುಂಗಭದ್ರೆಯ ಹಾಗೆ ಗಡಿಹೊಳೆ. ರಾಜಸ್ಥಾನ, ಮಧ್ಯಪ್ರದೇಶ, ಉತ್ತರ ಪ್ರದೇಶ ಮೂರಕ್ಕೂ ಸೇರಿದ್ದು. 1970ರ ದಶಕದ ಕೊನೆಯಲ್ಲಿ ಮೂರೂ ರಾಜ್ಯ ಸೇರಿ ನಾನೂರು ಕಿ.ಮೀ.ಯಷ್ಟು ಹೊಳೆಯನ್ನು ಅಭಯಾರಣ್ಯ ಮಾಡಿದವು. ಉದ್ದ ಮೂತಿಯ ಘರಿಯಾಲ್ ಮೊಸಳೆ, ಕೆಂಪುತಲೆಯ ಆಮೆ, ಡಾಲ್ಫಿನ್ ಮೂರೂ ಅಲ್ಲಿ ಒಟ್ಟಿಗೆ ಉಳಿದಿವೆ. ಆಮೆ ಮೊಟ್ಟೆಯಿಡುವ ಕಾಲದಲ್ಲಿ ದಂಡೆಯ ಊರವರನ್ನೇ ಕಾವಲಿಗೆ ಇಟ್ಟುಕೊಳ್ಳುವ ಪದ್ಧತಿ ಅಲ್ಲಿ ಫಲ ಕೊಟ್ಟಿದೆ. ಹೊಳೆಯ ಮೇಲೆ ಮೂರು ಸರ್ಕಾರಗಳ ಕೈಯಿದ್ದರೂ ಹೆಸರು ಒಂದೇ, ನಿಯಮ ಒಂದೇ ಎಂಬುದು ಕಾಗದದ ಮೇಲಾದರೂ ಸಾಧ್ಯವಾಯಿತು.

ಕಾಗದದ ಮೇಲೆ ಎಂದದ್ದಕ್ಕೆ ಕಾರಣವಿದೆ. ಅಲ್ಲಿಯ ಉಸುಕಿನ ದಂಧೆ ದೇಶಕ್ಕೆಲ್ಲ ಕುಪ್ರಸಿದ್ಧ. 2012ರಲ್ಲಿ ಮೊರೇನಾ ಜಿಲ್ಲೆಯಲ್ಲಿ ಅಕ್ರಮ ಗಣಿ ಸಾಗಣೆ ತಡೆಯಲು ಹೋದ ಐ.ಪಿ.ಎಸ್. ಅಧಿಕಾರಿಯೊಬ್ಬರು ಟ್ರ್ಯಾಕ್ಟರ್‌ನಡಿ ಸಿಕ್ಕಿ ಸತ್ತರು. ಒಂದು ರಾಜ್ಯದ ಪೊಲೀಸರು ಬಂದರೆ ಇನ್ನೊಂದು ರಾಜ್ಯದ ದಂಡೆಗೆ ದಾಟುವ ಕಲೆ ನಮ್ಮ ಹೊಳೆಯವರಿಗೂ ಕಲಿಸಿಕೊಡಬೇಕಾಗಿಲ್ಲ.

ಉಸುಕೇ ಉಸಿರು

ಆಮೆಯ ಕಥೆಯೆಲ್ಲ ಉಸುಕಿನ ಮೇಲೇ ನಿಂತಿದೆ. ಹೆಣ್ಣು ಆಮೆ ನೀರು ಬಿಟ್ಟು ದಂಡೆಗೆ ಬಂದು, ತೆರೆ ಮುಟ್ಟದ ಎತ್ತರದಲ್ಲಿ ಗುಂಡಿ ತೋಡಿ, ಮೊಟ್ಟೆಯಿಟ್ಟು, ಮುಚ್ಚಿ ಹೋಗುತ್ತದೆ. ಕಾವು ಕೊಡುವುದು ಸೂರ್ಯ. ಗುಂಡಿಯ ಮೇಲೆ ಟಿಪ್ಪರ್ ಹಾಯ್ದರೆ ಮೊಟ್ಟೆ ಚೂರು. ಉಸುಕೇ ಹೋದರೆ ಮುಂದಿನ ವರ್ಷ ಗುಂಡಿ ತೋಡಲು ಜಾಗವೇ ಇಲ್ಲ. ನೀರುನಾಯಿಗೂ ಮೈ ಒರಸಿಕೊಳ್ಳಲು, ಮರಿ ಆಡಿಸಲು ಉಸುಕಿನ ದಿಬ್ಬ ಬೇಕು. ಮುಂಜಾನೆ ಹೊಳೆಗೆ ಹೋದವರು ಬಂಡೆಯ ಮೇಲೆ ಮೀನಿನ ಹುರುಪೆ ತುಂಬಿದ ಹಿಕ್ಕೆ ನೋಡಿರುತ್ತಾರೆ. ಅದು ನೀರುನಾಯಿಯ ಗುರುತು, ಅದರ ಕುಟುಂಬದ ಸರಹದ್ದಿನ ಕಲ್ಲು.

ಇದರಲ್ಲಿ ರೈತನದೇನು? ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಉಸುಕಿನಲ್ಲಿ ಒರತೆ ತೋಡಿ ನೀರು ಮೊಗೆದ ಹೆಣ್ಣುಮಕ್ಕಳು ಈ ಊರುಗಳಲ್ಲಿ ಇನ್ನೂ ಇದ್ದಾರೆ. ಉಸುಕು ಹೊಳೆಯ ಹೊಟ್ಟೆಯೊಳಗಿನ ಕೆರೆ ಇದ್ದಂತೆ. ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ದಂಡೆಯ ಬಾವಿ, ಬೋರಿಗೆ ಬಿಡುತ್ತದೆ. ಅದನ್ನು ಬಂಡೆ ಕಾಣುವವರೆಗೆ ಬಾಚಿದರೆ ಹೊಳೆ ಬರೀ ಕಾಲುವೆಯಾಗುತ್ತದೆ — ಬಂದ ನೀರು ಬಂದಂತೆ ಹೋಗುತ್ತದೆ. ಸೇತುವೆಯ ಕಂಬಗಳ ಬುಡ ಬಯಲಾಗುವುದು ಬೇರೆ. ಆಮೆಗೆ ಬೇಕಾದ ಉಸುಕೂ ಮೋಟರಿಗೆ ಬೇಕಾದ ಉಸುಕೂ ಒಂದೇ.

ನಿಯಮಗಳಿಗೇನೂ ಕೊರತೆಯಿಲ್ಲ. ಐದು ಹೆಕ್ಟೇರಿಗಿಂತ ಸಣ್ಣ ಉಸುಕಿನ ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರ ಫೆಬ್ರುವರಿಯಲ್ಲೇ ಹೇಳಿದೆ. ಆದರೆ ಹೊಳೆಯ ಒಂದು ದಂಡೆಗೆ ಕರ್ನಾಟಕದ ಮರಳು ನೀತಿ, ಇನ್ನೊಂದು ದಂಡೆಗೆ ಆಂಧ್ರದ ನೀತಿ. ಆಂಧ್ರ ಸರ್ಕಾರ 2024ರ ಜುಲೈಯಲ್ಲಿ ಉಚಿತ ಮರಳು ಯೋಜನೆ ತಂದಿತು. ಬಡವನಿಗೆ ಮನೆ ಕಟ್ಟಲು ಉಸುಕು ಅಗ್ಗವಾಗಬೇಕು, ತಕರಾರಿಲ್ಲ. ಆದರೆ ಆಚೆ ಬೆಲೆಯಿದ್ದು ಈಚೆ ಬೆಲೆಯಿಲ್ಲದಿದ್ದರೆ ಗಡಿಯಲ್ಲಿ ಏನಾಗುತ್ತದೆಂದು ಆದವಾನಿ, ರಾಯಚೂರಿನ ವ್ಯಾಪಾರಸ್ಥರಿಗೆ ವಿವರಿಸಬೇಕೇ? ಹತ್ತಿಗೂ ಭತ್ತಕ್ಕೂ ಆಗುವುದೇ ಉಸುಕಿಗೂ ಆಗುತ್ತದೆ. ಎಲ್ಲಿ ತೋಡಬಾರದು, ಯಾವ ತಿಂಗಳು ತೋಡಬಾರದು ಎಂಬುದನ್ನಾದರೂ ಎರಡು ಜಿಲ್ಲೆಯ ಅಧಿಕಾರಿಗಳು ಒಂದೇ ಮೇಜಿನಲ್ಲಿ ಕೂತು ಬರೆಯಬಹುದಲ್ಲ.

ಮಡು ಉಳಿದರೆ ಜೀವ

ಮೇಲಿನ 34 ಕಿ.ಮೀ.ಯಲ್ಲಿ ನೀರುನಾಯಿ ಉಳಿದದ್ದಕ್ಕೆ ವಿಜಯನಗರದ ಅರಸರಿಗೂ ಸ್ವಲ್ಪ ಪುಣ್ಯ ಸಲ್ಲಬೇಕು. ತುರ್ತಾ, ರಾಮಸಾಗರ, ಕಂಪ್ಲಿ ಕಾಲುವೆಗಳಿಗಾಗಿ ಆ ಕಾಲದಲ್ಲಿ ಕಟ್ಟಿಸಿದ ತಗ್ಗಿನ ಅಣೆಗಳ ಹಿಂದೆ ಬೇಸಿಗೆಯಲ್ಲೂ ನೀರು ನಿಲ್ಲುತ್ತದೆ. ಹಂಪಿಯ ಬಂಡೆಸಂದಿಗಳು ಗವಿಯಾಗುತ್ತವೆ. ನಮ್ಮ ಕಡೆ ಅಂಥ ಜಾಗಗಳೆಂದರೆ ರಾಜೋಳಿಬಂಡಾ ಅಣೆಯ ಹಿನ್ನೀರು, ಅದರ ಕೆಳಗೆ ಅಲ್ಲಲ್ಲಿ ಉಳಿದ ಮಡುಗಳು, ಕರ್ನೂಲಿನ ಹತ್ತಿರ ಸುಂಕೇಸುಲ ಬ್ಯಾರೇಜು. ರಾಜೋಳಿಬಂಡಾ ಎಂದೊಡನೆ 17.1 ಟಿ.ಎಂ.ಸಿ., ತೂಬು, ಜಗಳ ಎಲ್ಲ ನೆನಪಾಗುವುದು ಸಹಜ. ಮೂರು ರಾಜ್ಯ ಕಿತ್ತಾಡುವ ನೀರಿನಲ್ಲಿ ಆಮೆಗೊಂದು ಪಾಲು ಕೇಳುವ ಧೈರ್ಯ ಯಾರಿಗಿದೆ! ಆದರೆ ಕೇಳಬೇಕಾದ್ದು ಟಿ.ಎಂ.ಸಿ. ಲೆಕ್ಕದ ನೀರಲ್ಲ, ನಾಲ್ಕಾರು ಮಡುಗಳು ಏಪ್ರಿಲ್-ಮೇಯಲ್ಲಿ ತಳ ಕಾಣದಷ್ಟು ನೀರು. ಆ ನೀರು ದನಕರುಗಳಿಗೂ ಬೇಕಾದದ್ದೇ.

ಹೆಚ್ಚು ನೀರೂ ಆಪತ್ತೇ. 2009ರ ಅಕ್ಟೋಬರ್ 2ರಂದು ಹೊಳೆ ಮಂತ್ರಾಲಯದ ಊರೊಳಗೇ ನುಗ್ಗಿದ್ದನ್ನು ಮರೆತವರಿಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋದಾಗ, ತಡೆಹಲಗೆ ಕೂರಿಸುವವರೆಗೆ ಸುಮಾರು ಒಂದು ವಾರ ತುಂಬಿದ ಜಲಾಶಯದ ನೀರು ಸುಮ್ಮನೆ ಕೆಳಗೆ ಹರಿಯಿತು. ಎಲ್.ಎಲ್.ಸಿ. ರೈತರು ಎದೆ ಬಡಿದುಕೊಂಡರು. ದಂಡೆಯ ಗೂಡು, ಗವಿಗಳ ನಷ್ಟಕ್ಕೆ ಪಂಚನಾಮೆ ಬರೆಯುವ ಪದ್ಧತಿ ಎಲ್ಲೂ ಇಲ್ಲ.

ಹೆಸರು ಉಳಿದು ಹಕ್ಕಿ ಹೋಯಿತು

ಘೋಷಣೆಯಾದರೆ ಎಲ್ಲ ಆಯಿತೆಂದು ತಿಳಿಯಬಾರದು. ಅವಿಭಜಿತ ಕರ್ನೂಲು ಜಿಲ್ಲೆಯ ರೋಳ್ಳಪಾಡು ಇದಕ್ಕೆ ಸಾಕ್ಷಿ. ಎರ್ಲಡ್ಡು ಹಕ್ಕಿಗಾಗಿ 1988ರಲ್ಲಿ ಅಲ್ಲಿ ಅಭಯಾರಣ್ಯವಾಯಿತು. ಸುತ್ತಲ ಹುಲ್ಲುಗಾವಲು ನೀರಾವರಿಗೆ, ಬೇರೆ ಬೆಳೆಗೆ ತಿರುಗಿತು. ಅಭಯಾರಣ್ಯ ಉಳಿಯಿತು, ಹಕ್ಕಿ ಮಾಯವಾಯಿತು. ಕಾಶಿಯಲ್ಲಿ ಗಂಗೆಯ ಏಳು ಕಿ.ಮೀ. 1989ರಿಂದ ಆಮೆಗಳ ಅಭಯಾರಣ್ಯವಾಗಿತ್ತು. ಅರೆಬೆಂದ ಹೆಣಗಳನ್ನು ತಿಂದು ನೀರು ಶುದ್ಧವಾಗಲೆಂದು ಅಲ್ಲಿ ಆಮೆಮರಿ ಬಿಡುತ್ತಿದ್ದರು. ಘಟ್ಟಗಳ ಅಭಿವೃದ್ಧಿ, ಜಲಸಾರಿಗೆಯ ಕಾಲ ಬಂದ ಮೇಲೆ ಅದನ್ನು ರದ್ದುಮಾಡಿ, 2020ರಲ್ಲಿ ಪ್ರಯಾಗರಾಜ-ಮಿರ್ಜಾಪುರ-ಭದೋಹಿ ನಡುವೆ 30 ಕಿ.ಮೀ.ಯ ಬೇರೆ ಜಾಗ ಗುರುತಿಸಿದರು.

ಇಂಥ ಆಜ್ಞೆಗಳು ಈ ನಾಡಿಗೆ ಹೊಸವಲ್ಲ. ಪತ್ತಿಕೊಂಡದ ಕಡೆಯ ಎರ್ರಗುಡಿ, ರಾಜುಲಮಂಡಗಿರಿ, ಸಿರುಗುಪ್ಪದ ನಿಟ್ಟೂರು, ಉದೇಗೊಳಂ, ಆಚೆಯ ಮಸ್ಕಿ — ಅಶೋಕನ ಶಾಸನಗಳು ನಮ್ಮ ಹೊಲದ ಬಂಡೆಗಳ ಮೇಲೇ ಇವೆ. ಎರ್ರಗುಡಿಯ ಶಾಸನ ಅರಮನೆಯ ಅಡುಗೆಗೆ ದಿನವೂ ಪ್ರಾಣಿ ಕೊಲ್ಲುವುದನ್ನು ಮೊಟಕುಗೊಳಿಸಿದ ಸಂಗತಿ ಹೇಳುತ್ತದೆ. ಉತ್ತರದಲ್ಲಿರುವ ಅವನ ಐದನೇ ಸ್ತಂಭಶಾಸನ ಕೊಲ್ಲಬಾರದ ಜೀವಿಗಳ ಪಟ್ಟಿಯನ್ನೇ ಕೊಡುತ್ತದೆ. ಅದರಲ್ಲಿ ಆಮೆಯಿದೆ, ‘ಗಂಗಾಪುಪುಟಕ’ ಎಂಬ ಪ್ರಾಣಿಯೂ ಇದೆ. ಅದು ಗಂಗೆಯ ಡಾಲ್ಫಿನ್ನೇ ಇರಬೇಕೆಂದು ವಿದ್ವಾಂಸರ ಊಹೆ.

ಕಂಪ್ಲಿಯ ಕೆಳಗಿನ ಹೊಳೆಗೆ ಏನು ಮಾಡಬಹುದು? ಗಡಿಯ ಹೊಳೆಯನ್ನೆಲ್ಲ ಒಮ್ಮೆಲೆ ಘೋಷಿಸಿ ಎನ್ನುವುದು ಆಗುಹೋಗದ ಮಾತು. ರಾಜೋಳಿಬಂಡಾದಿಂದ ಮಂತ್ರಾಲಯದವರೆಗಿನ ಮಡುಗಳನ್ನು ಎರಡೂ ದಂಡೆಯ ಪಂಚಾಯಿತಿಗಳು ಗುರುತಿಸಿ, ಅಲ್ಲಿ ಉಸುಕು ತೋಡುವುದಿಲ್ಲ, ಮದ್ದು ಎಸೆಯುವುದಿಲ್ಲ ಎಂದು ಠರಾವು ಬರೆದರೆ ಮೊದಲ ಹೆಜ್ಜೆಯಾದೀತು. 36ಎ ಕಲಮಿಗೂ ಬೇಕಾದದ್ದು ಜನರೊಡನೆ ಸಮಾಲೋಚನೆಯೇ. ಠರಾವು ಮೊದಲೇ ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ. ಹರಿದ ಬಲೆಗೆ ಪರಿಹಾರ ಎಂಬ ಸಾಲು ಅದೇ ಠರಾವಿನಲ್ಲಿ ಇರಲಿ. ಬಲೆಯಲ್ಲಿ ಆಮೆ ಸಿಕ್ಕರೆ ಕತ್ತರಿಸಿ ಬಿಡುವುದು, ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸುವುದು ಇಷ್ಟಕ್ಕೆ ಠರಾವೂ ಬೇಕಿಲ್ಲ.

2020ರ ನವೆಂಬರಿನಲ್ಲಿ ತುಂಗಭದ್ರೆಗೆ ಪುಷ್ಕರ ನಡೆಯಿತು. ಹನ್ನೆರಡು ವರ್ಷದ ಲೆಕ್ಕದಲ್ಲಿ ಮುಂದಿನದು 2032ರಲ್ಲಿ. ಆಗ ಮತ್ತೆ ಘಟ್ಟಗಳ ರಿಪೇರಿ, ಕಾಂಕ್ರೀಟು, ಟೆಂಡರು. ಅದಕ್ಕೆ ಬೇಕಾಗುವ ಉಸುಕನ್ನು ಯಾವ ಮಡುವಿನ ದಂಡೆಯಿಂದ ಎತ್ತುತ್ತಾರೆಂದು ಈಗಿನಿಂದಲೇ ಕೇಳಲು ಶುರುಮಾಡಬಹುದು.